ಅನಾದೃತ ಕೃತಿಗಳ ಗುಣದೋಷವಿಚಾರ: ‘ಎಕ್ಸ್‌ಟ್ರೀಮ್ ಮೆಟಲ್’ ಸಂಗೀತದ ಕೆಲವು ಆಲ್ಬಮ್ಮುಗಳು

೧

ಕೃತಿಯೊಂದು ಲೋಕದಲ್ಲಿ ಅನಾದರವನ್ನು ಹೊಂದಿತೆಂದರೆ ಅದಕ್ಕೆ ಕಾರಣವು ಕೃತಿಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಕೆಲವೆಡೆ ದೋಷವು ಕೃತಿಯಲ್ಲಿರುವುದು; ಕೆಲವೆಡೆ ಗ್ರಹಿಸುವವನಲ್ಲಿರುವುದು; ಮತ್ತೆ ಕೆಲವೆಡೆ ಇವರಿಬ್ಬರ ನಡುವೆ ನಿಂತ ದೇಶಕಾಲಗಳಲ್ಲಿರುವುದು. ಈ ಮೂರನ್ನೂ ಬೇರ್ಪಡಿಸಿ ನೋಡದೆ, ಲೋಕವು ಒಲ್ಲದುದರಿಂದ ಇದು ಹೀನವೆಂದಾಗಲಿ, ಲೋಕವು ಒಲ್ಲದುದರಿಂದಲೇ ಇದು ಶ್ರೇಷ್ಠವೆಂದಾಗಲಿ ನಿರ್ಣಯಿಸುವುದು ವಿಮರ್ಶೆಯೆನಿಸದು. ಭವಭೂತಿಯು ಮಾಲತೀಮಾಧವದ ಪ್ರಸ್ತಾವನೆಯಲ್ಲಿ ತನ್ನ ಕಾಲದವರ ಅವಜ್ಞೆಯನ್ನು ಕಂಡು, ಮುಂದೆಂದಾದರೂ ಹುಟ್ಟಲಿರುವ ಸಮಾನಧರ್ಮನನ್ನು ನೆನೆದು ಸಮಾಧಾನ ತಂದುಕೊಂಡುದು ಸಂಸ್ಕೃತಜ್ಞರಿಗೆಲ್ಲ ವಿದಿತವಾಗಿಯೇ ಇದೆ. ಭವಭೂತಿಯ ವಿಷಯದಲ್ಲಿ ಆ ನಂಬಿಕೆಯು ಸತ್ಯವಾಯಿತು. ಆದರೆ ಅಲ್ಪಕವಿಯೂ ಅದೇ ನಂಬಿಕೆಯಿಂದ ತನ್ನನ್ನು ಸಂತೈಸಿಕೊಳ್ಳಬಲ್ಲನು. ಯಾವ ಕೃತಿಯ ವಿಷಯದಲ್ಲಿ ಅದು ಸತ್ಯ, ಯಾವುದರ ವಿಷಯದಲ್ಲಿ ಆತ್ಮವಂಚನೆ ಎಂಬುದನ್ನು ಅರಿಯುವ ಕ್ರಮವಾವುದು?

ಪ್ರಾಚೀನ ಕಾವ್ಯಗಳನ್ನು ಹಿಡಿದು ಈ ಪ್ರಶ್ನೆಯನ್ನು ಪರೀಕ್ಷಿಸುವುದು ಸುಲಭವಲ್ಲ. ಉಪೇಕ್ಷೆಗೆ ಗುರಿಯಾದ ಪ್ರಾಚೀನ ಕೃತಿಗಳಲ್ಲಿ ಬಹುಭಾಗವು ಓಲೆಗರಿಯೊಡನೆಯೇ ನಷ್ಟವಾಗಿದೆ. ಉಳಿದವು ಆದರವನ್ನು ಪಡೆದುದರಿಂದಲೇ ಉಳಿದವು. ಕೃತಿಯೂ ಉಳಿದು, ಅದು ಹುಟ್ಟಿದ ವರ್ಷವೂ ತಿಳಿದು, ಮೊದಲ ತಿರಸ್ಕಾರ ಮತ್ತು ಅನಂತರದ ಪುರಸ್ಕಾರಗಳೆರಡೂ ಜೀವಿತಕಾಲದೊಳಗೇ ನಡೆದ ಕ್ಷೇತ್ರವೊಂದು ದೊರೆತರೆ ಪರೀಕ್ಷೆಯು ಸುಕರವಾಗುವುದು. ಕಳೆದ ನಲವತ್ತು ವರ್ಷಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬೆಳೆದ ‘ಎಕ್ಸ್‌ಟ್ರೀಮ್ ಮೆಟಲ್’ ಎಂಬ ಸಂಗೀತಪ್ರಭೇದವು ಅಂಥದೊಂದು ಕ್ಷೇತ್ರ. ಸಾಹಿತ್ಯಾಧ್ಯಾಪಕರಿಗೆ ಇದು ದೂರದ ವಸ್ತುವೆಂದು ತೋರಬಹುದು. ಆದರೆ ಇದರ ಮೂಲವೆನಿಸಿದ ಹೆವಿ ಮೆಟಲ್ ಸಂಗೀತದ ‘ಐರನ್ ಮೇಡನ್’ ಮೇಳವು ೨೦೦೭ರಲ್ಲಿಯೂ ‘ಮೆಟಾಲಿಕಾ’ ಮೇಳವು ೨೦೧೧ರಲ್ಲಿಯೂ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕಚೇರಿ ನಡೆಸಿದುವು. ಅಧ್ಯಾಪಕರ ಮುಂದೆ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಈ ಸಂಗೀತವನ್ನು ಕೇಳುವವರು ಇಲ್ಲವೆನ್ನುವಂತಿಲ್ಲ.

೨

ಮೊದಲು ವಸ್ತುಸ್ವರೂಪವನ್ನು ತಿಳಿಯತಕ್ಕದ್ದು. ವಿದ್ಯುತ್ತಿನಿಂದ ಧ್ವನಿವರ್ಧನೆ ಮಾಡಿ, ನಾದವನ್ನು ಬೇಕೆಂದೇ ಒಡಕುಗೊಳಿಸಿದ ಗಿಟಾರು ಈ ಸಂಗೀತದ ಪ್ರಧಾನವಾದ್ಯ. ತಂತಿಗಳ ಶ್ರುತಿಯನ್ನು ವಾಡಿಕೆಗಿಂತ ಕೆಳಗಿಳಿಸಿ ನುಡಿಸುವುದು ಸಾಮಾನ್ಯ. ಡ್ರಮ್ಮುಗಳನ್ನು ಎಡೆಬಿಡದೆ ಅತಿವೇಗದಲ್ಲಿ ಬಾರಿಸುವ ಕ್ರಮಕ್ಕೆ ‘ಬ್ಲಾಸ್ಟ್ ಬೀಟ್’ ಎಂದು ಹೆಸರು. ಗಾಯಕನು ಗಂಟಲಾಳದಿಂದ ಗರ್ಜಿಸುವನು, ಇಲ್ಲವೆ ಚೀರುವನು. ೧೯೮೨ರಲ್ಲಿ ಇಂಗ್ಲೆಂಡಿನ ‘ವೆನಮ್’ ಮೇಳವು ‘ಬ್ಲ್ಯಾಕ್ ಮೆಟಲ್’ ಎಂಬ ಆಲ್ಬಮ್ಮನ್ನು ಹೊರತಂದಿತು. ಅದರ ಹೆಸರೇ ಮುಂದೆ ಒಂದು ಶಾಖೆಯ ಹೆಸರಾಯಿತು. ಅಮೆರಿಕದ ‘ಪೊಸೆಸ್ಡ್’ ಮೇಳದ ‘ಸೆವೆನ್ ಚರ್ಚಸ್’ (೧೯೮೫), ‘ಡೆತ್’ ಮೇಳದ ‘ಸ್ಕ್ರೀಮ್ ಬ್ಲಡಿ ಗೋರ್’ (೧೯೮೭) ಎಂಬುವು ಡೆತ್ ಮೆಟಲ್ ಎಂಬ ಶಾಖೆಯ ಆದಿಕೃತಿಗಳೆನಿಸಿವೆ. ಇಂಗ್ಲೆಂಡಿನ ‘ನೇಪಾಮ್ ಡೆತ್’ ಮೇಳದ ‘ಸ್ಕಮ್’ (೧೯೮೭) ಎಂಬುದರಲ್ಲಿ ಇಪ್ಪತ್ತೆಂಟು ಹಾಡುಗಳಿವೆ. ಅವುಗಳಲ್ಲೊಂದು ಎರಡು ಸೆಕೆಂಡು ತುಂಬುವಷ್ಟೂ ಇಲ್ಲ.

ಇಲ್ಲಿ ಪೂರ್ವಪಕ್ಷವು ಏಳುವುದು. ಕಿವಿಗೆ ಕಟುವಾದ, ಮಾತು ತಿಳಿಯದ, ಮರಣ ಶವ ಪಿಶಾಚಾದಿಗಳನ್ನೇ ವಸ್ತುವಾಗುಳ್ಳ ಈ ಕೋಲಾಹಲಕ್ಕೆ ಕಲೆಯೆಂಬ ಹೆಸರೇ ಸಲ್ಲದು. ಸಲ್ಲದಿರಲು ಅದರೊಳಗಣ ತಾರತಮ್ಯವಿಚಾರವು ಕಾಗೆಯ ಹಲ್ಲನ್ನು ಎಣಿಸಿದಂತೆ ಎಂಬುದೇ ಆ ಪಕ್ಷ.

ಇದಕ್ಕೆ ಸಮಾಧಾನವು ಅಲಂಕಾರಶಾಸ್ತ್ರದಲ್ಲಿಯೇ ದೊರೆಯುತ್ತದೆ. ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಕ್ರೋಧವು ಸ್ಥಾಯಿಯಾದ ರೌದ್ರ, ಭಯವು ಸ್ಥಾಯಿಯಾದ ಭಯಾನಕ, ಜುಗುಪ್ಸೆಯು ಸ್ಥಾಯಿಯಾದ ಬೀಭತ್ಸ ಎಂಬ ಮೂರು ಸೇರಿವೆ. ಮಾಲತೀಮಾಧವದ ಐದನೆಯ ಅಂಕದ ಶ್ಮಶಾನವರ್ಣನೆಯನ್ನಾಗಲಿ, ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆದುಹೋಗುವ ರಣಾಂಗಣವನ್ನಾಗಲಿ ಕಾವ್ಯವಲ್ಲವೆಂದು ಯಾರೂ ಹೇಳರು. ಇನ್ನು ಶ್ರುತಿಕಟುತ್ವದ ಮಾತು. ಆನಂದವರ್ಧನನು ಶ್ರುತಿದುಷ್ಟಾದಿಗಳನ್ನು ಅನಿತ್ಯದೋಷಗಳೆಂದು ಗಣಿಸಿ, ಅವು ಮುಖ್ಯವಾಗಿ ಶೃಂಗಾರಧ್ವನಿಯಲ್ಲಿ ಹೇಯವೆಂದು ನಿರ್ಣಯಿಸಿದನು. ಮಮ್ಮಟನು ಕಾವ್ಯಪ್ರಕಾಶದ ಏಳನೆಯ ಉಲ್ಲಾಸದಲ್ಲಿ ಪದದೋಷಗಳ ಮೊದಲಿಗೆ ಶ್ರುತಿಕಟುವನ್ನು ಹೇಳಿದರೂ ರೌದ್ರಾದಿಗಳಲ್ಲಿ ಅದು ಗುಣವಾಗುವುದನ್ನು ಒಪ್ಪಿದನು. ಎಂದಮೇಲೆ ಕಟುತ್ವವೆಂಬುದು ತನ್ನಷ್ಟಕ್ಕೆ ತಾನೇ ದೋಷವಲ್ಲ. ಯಾವ ರಸಕ್ಕೆ ಅಂಗವಾಗಿ ಬಂದಿದೆ ಎಂಬುದರಿಂದ ಅದರ ದೋಷತ್ವವೋ ಗುಣತ್ವವೋ ಗೊತ್ತಾಗತಕ್ಕದ್ದು. ಸಂಗೀತಶಾಸ್ತ್ರದಲ್ಲಿಯೂ ಇದಕ್ಕೆ ಸದೃಶವಾದ ವಿಷಯವುಂಟು. ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ನಲವತ್ತು ವಿವಾದಿಸ್ವರಗಳುಳ್ಳವು. ಅವನ್ನು ಹಾಡಬಾರದೆಂಬ ಭಾವನೆಯು ಬಹುಕಾಲ ಇದ್ದರೂ ಕೋಟೀಶ್ವರ ಅಯ್ಯರ್ ಎಪ್ಪತ್ತೆರಡರಲ್ಲಿಯೂ ಕೃತಿಗಳನ್ನು ರಚಿಸಿದರು. ಅವು ಇಂದು ಕಚೇರಿಗಳಲ್ಲಿ ಹಾಡಲ್ಪಡುತ್ತಿವೆ.

ಹೀಗಿರಲು ಈ ಸಂಗೀತದಲ್ಲಿ ಗುಣದೋಷವಿಚಾರಕ್ಕೆ ಎಡೆಯುಂಟೆಂದು ಸಿದ್ಧವಾಯಿತು. ವಿಶೇಷವೇನೆಂದರೆ, ಹೊರಗಿನವರಿಂದ ಕೋಲಾಹಲವೆಂದು ತಿರಸ್ಕೃತರಾದ ಈ ರಸಿಕರೇ ತಮ್ಮೊಳಗೆ ಕೆಲವು ಕೃತಿಗಳನ್ನು ಅಷ್ಟೇ ಕಠೋರವಾಗಿ ತಿರಸ್ಕರಿಸಿರುವರು. ತಿರಸ್ಕಾರದ ನೋವನ್ನು ಬಲ್ಲವರೂ ತಿರಸ್ಕರಿಸುವಾಗ ತಡೆದು ವಿಚಾರಮಾಡುವುದಿಲ್ಲ.

೩

ಅಭಿನವಗುಪ್ತಪಾದನು ಅಭಿನವಭಾರತಿಯಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿರುವನು. ವಸ್ತುವು ಸಂಭವನೀಯವೆಂದೇ ಮನಸ್ಸಿಗೆ ಹೊಳೆಯದಿರುವುದು ಮೊದಲನೆಯದು, ಭಾವವನ್ನು ತನ್ನದೆಂದೋ ಮತ್ತೊಬ್ಬ ವ್ಯಕ್ತಿಯದೆಂದೋ ದೇಶಕಾಲಗಳಿಗೆ ಕಟ್ಟಿಹಾಕುವುದು ಎರಡನೆಯದು, ತನ್ನ ಸುಖದುಃಖಗಳಿಗೆ ತಾನೇ ವಶನಾಗಿರುವುದು ಮೂರನೆಯದು, ಪ್ರತೀತಿಗೆ ಸಾಧನವಾದ ಉಪಾಯಗಳ ಕೊರತೆಯು ನಾಲ್ಕನೆಯದು, ಸ್ಫುಟತೆಯಿಲ್ಲದಿರುವುದು ಐದನೆಯದು, ಅಪ್ರಧಾನವಾದುದರ ಮೇಲೆ ದೃಷ್ಟಿ ನಿಲ್ಲುವುದು ಆರನೆಯದು, ಯಾವ ಭಾವವಿದು ಎಂಬ ಸಂಶಯವು ಏಳನೆಯದು. ಇವು ನಾಟ್ಯವನ್ನು ಕುರಿತು ಹೇಳಿದುವಾದರೂ ಶ್ರವ್ಯಕ್ಕೂ ಅನ್ವಯಿಸಿಕೊಳ್ಳಲು ಅಡ್ಡಿಯಿಲ್ಲ. ಈ ಏಳರಲ್ಲಿ ಕೆಲವು ಸಾಮಾಜಿಕನಲ್ಲಿ ನೆಲಸಿರುವುವು, ಕೆಲವು ಕೃತಿಯಲ್ಲಿ ನೆಲಸಿರುವುವು. ಅನಾದೃತವಾದ ಕೃತಿಯನ್ನು ಕೈಗೆತ್ತಿಕೊಂಡಾಗ ವಿಘ್ನವು ಎಲ್ಲಿದೆ ಎಂದು ಹುಡುಕುವುದೇ ವಿಮರ್ಶಕನ ಮೊದಲ ಕೆಲಸ. ಮುಂದೆ ಹೇಳುವ ದೃಷ್ಟಾಂತಗಳಿಂದ ಇದು ವಿಶದವಾಗುವುದು.

ಉಪಾಯವೈಕಲ್ಯಕ್ಕೆ ದೃಷ್ಟಾಂತವು ಸ್ವಿಟ್ಜರ್ಲೆಂಡಿನ ‘ಹೆಲ್‌ಹ್ಯಾಮರ್’ ಮೇಳ. ೧೯೮೨ರಲ್ಲಿ ಟಾಮ್ ಗೇಬ್ರಿಯೆಲ್ ಫಿಷರ್ ಮೊದಲಾದ ಕೆಲವು ತರುಣರು ಇದನ್ನು ಕಟ್ಟಿದರು. ವಾದ್ಯಾಭ್ಯಾಸವು ಅವರಿಗೆ ಸಾಲದಾಗಿತ್ತು. ೧೯೮೪ರಲ್ಲಿ ಹೊರಬಂದ ಅವರ ‘ಅಪೊಕ್ಯಾಲಿಪ್ಟಿಕ್ ರೇಡ್ಸ್’ ಎಂಬ ಸಣ್ಣ ಮುದ್ರಿಕೆಯನ್ನು ಅಂದಿನ ಪತ್ರಿಕಾವಿಮರ್ಶಕರು ನಿಷ್ಕರುಣವಾಗಿ ಜರೆದರು. ಅದೇ ವರ್ಷದಲ್ಲಿ ಮೇಳವು ಒಡೆಯಿತು. ಫಿಷರ್ ಮತ್ತು ಮಾರ್ಟಿನ್ ಐನ್ ಇಬ್ಬರೂ ಸೇರಿ ‘ಸೆಲ್ಟಿಕ್ ಫ್ರಾಸ್ಟ್’ ಎಂಬ ಹೊಸ ಮೇಳವನ್ನು ಕಟ್ಟಿದರು. ಹಳೆಯ ಹೆಸರು ಬಹುಕಾಲ ಅವರಿಗೇ ಹೊರೆಯಾಗಿತ್ತು. ಆದರೆ ಆ ಮುದ್ರಿಕೆಯಲ್ಲಿನ ಮಂದಗತಿಯ ಭಾರವೂ, ಒಂದೇ ಸ್ವರಗುಚ್ಛವನ್ನು ಬಿಡದೆ ಬಡಿಯುವ ಹಟವೂ, ಒಂಬತ್ತು ನಿಮಿಷಗಳನ್ನು ಮೀರಿದ ‘ಟ್ರಯಂಫ್ ಆಫ್ ಡೆತ್’ ಎಂಬ ಗೀತದಲ್ಲಿನ ಆರ್ತನಾದವೂ ಮುಂದಿನ ಡೆತ್, ಬ್ಲ್ಯಾಕ್, ಡೂಮ್ ಶಾಖೆಗಳವರಿಗೆ ಪಾಠವಾದುವು. ೨೦೦೮ರಲ್ಲಿ ಅವರ ಆದಿಮುದ್ರಿಕೆಗಳು ‘ಡೀಮನ್ ಎಂಟ್ರೇಲ್ಸ್’ ಎಂಬ ಹೆಸರಿನಿಂದ ಮತ್ತೆ ಪ್ರಕಟವಾದುವು. ೨೦೧೯ರಲ್ಲಿ ಫಿಷರನು ಆ ಹಾಡುಗಳನ್ನು ನುಡಿಸುವುದಕ್ಕಾಗಿಯೇ ಬೇರೊಂದು ಮೇಳದೊಡನೆ ವೇದಿಕೆಯೇರಿದನು. ಇಲ್ಲಿ ವಿಮರ್ಶಕರು ಕಂಡ ಕೊರತೆಯು ಸುಳ್ಳಲ್ಲ. ಹಸ್ತಕೌಶಲದ ಕೊರತೆ ನಿಜವಾಗಿಯೂ ಇತ್ತು. ಅವರು ಕಾಣದೆ ಹೋದುದೇನೆಂದರೆ, ಕೌಶಲವು ಉಪಾಯ, ಭಾವವು ಉಪೇಯ ಎಂಬುದು. ಉಪಾಯವು ಕುಂಟಿದರೂ ಉಪೇಯವು ಕೇಳುವವನಿಗೆ ಮುಟ್ಟಿದುದನ್ನು ಕಾಲವು ತೋರಿಸಿಕೊಟ್ಟಿತು.

ಸಂಭಾವನಾವಿರಹಕ್ಕೆ ಎರಡು ದೃಷ್ಟಾಂತಗಳನ್ನು ಕೊಡಬಹುದು. ಅಮೆರಿಕದ ಮಯಾಮಿ ನಗರದ ‘ಸಿನಿಕ್’ ಮೇಳದ ‘ಫೋಕಸ್’ ಎಂಬ ಆಲ್ಬಮ್ಮು ೧೯೯೩ರಲ್ಲಿ ಪ್ರಕಟವಾಯಿತು. ಮೇಳದ ಪಾಲ್ ಮಾಸ್ವಿಡಾಲ್ ಮತ್ತು ಶಾನ್ ರೈನರ್ಟ್ ಇಬ್ಬರೂ ೧೯೯೧ರಲ್ಲಿ ‘ಡೆತ್’ ಮೇಳದ ‘ಹ್ಯೂಮನ್’ ಎಂಬ ಪ್ರಖ್ಯಾತ ಕೃತಿಯಲ್ಲಿ ನುಡಿಸಿದ್ದವರು. ಆದುದರಿಂದ ಶ್ರೋತೃಗಳು ಅದೇ ಬಗೆಯ ರೌದ್ರವನ್ನು ನಿರೀಕ್ಷಿಸಿದರು. ‘ಫೋಕಸ್’ನಲ್ಲಾದರೋ ಗರ್ಜನೆಯ ಪಕ್ಕದಲ್ಲಿಯೇ ಯಂತ್ರದ ಮೂಲಕ ಹಾಯಿಸಿ ಲೋಹಮಯವಾದ ಕೋಮಲಕಂಠವಿತ್ತು, ಜಾಝ್ ಸಂಗೀತದ ಸಂವಾದಗಳಿದ್ದುವು, ರೌದ್ರದ ನಡುನಡುವೆ ಶಾಂತವು ತಲೆದೋರುತ್ತಿತ್ತು. ೧೯೯೪ರಲ್ಲಿ ಈ ಮೇಳವು ‘ಕ್ಯಾನಿಬಲ್ ಕಾರ್ಪ್ಸ್’ ಎಂಬ ಉಗ್ರಮೇಳದ ಜತೆಯಲ್ಲಿ ಸಂಚಾರ ಹೊರಟು, ಕೇಳಲು ಮನಸ್ಸಿಲ್ಲದ ಸಭೆಗಳ ಮುಂದೆ ನುಡಿಸಬೇಕಾಯಿತು. ಅದೇ ವರ್ಷ ಮೇಳವು ಚದರಿಹೋಯಿತು. ಶ್ರೋತೃಗಳ ಮನಸ್ಸು ತಿರುಗಿ, ಆ ಒಂದೇ ಕೃತಿಯ ಬಲದಿಂದ ಮೇಳವು ಮತ್ತೆ ಕೂಡಿ ಎರಡನೆಯ ಆಲ್ಬಮ್ಮನ್ನು ಹೊರತರುವ ಹೊತ್ತಿಗೆ ೨೦೦೮ನೆಯ ಇಸವಿ ಬಂದಿತ್ತು. ೨೦೨೦ರಲ್ಲಿ ರೈನರ್ಟನೂ ತಂತಿವಾದ್ಯಗಳ ಶಾನ್ ಮಲೋನನೂ ಒಂದೇ ವರ್ಷದಲ್ಲಿ ತೀರಿಕೊಂಡರು. ಯೌವನದ ಹದಿನಾಲ್ಕು ವರ್ಷಗಳನ್ನು ಅನಾದರವು ನುಂಗಿದಮೇಲೆ ದೊರೆತ ಪ್ರಶಂಸೆಯು ಆ ವರ್ಷಗಳನ್ನು ತಿರುಗಿ ಕೊಡಲಾರದು.

ಎರಡನೆಯದು ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ‘ಗೋರ್ಗಟ್ಸ್’ ಮೇಳದ ‘ಆಬ್ಸ್ಕ್ಯುರಾ’. ೧೯೯೧ ಮತ್ತು ೧೯೯೩ರಲ್ಲಿ ಎರಡು ಆಲ್ಬಮ್ಮುಗಳನ್ನು ಪ್ರಕಟಿಸಿದ ಈ ಮೇಳವನ್ನು ಅದರ ಪ್ರಕಾಶನಸಂಸ್ಥೆಯು ಕೈಬಿಟ್ಟಿತು. ಹಲವು ವರ್ಷಗಳವರೆಗೆ ಪ್ರಕಾಶಕರಿಲ್ಲದೆಯೇ ಲ್ಯೂಕ್ ಲೆಮೇ, ಸ್ಟೀವ್ ಹರ್ಡಲ್ ಮೊದಲಾದವರು ಹೊಸ ರೀತಿಯೊಂದನ್ನು ಸಾಧಿಸುತ್ತಿದ್ದರು. ೧೯೯೮ರಲ್ಲಿ ಬೇರೊಂದು ಸಂಸ್ಥೆಯಿಂದ ಹೊರಬಂದ, ಒಂದು ಗಂಟೆಯಷ್ಟು ದೀರ್ಘವಾದ ಆ ಕೃತಿಯಲ್ಲಿ ಸ್ವರಗಳು ಸಂವಾದವನ್ನು ಒಲ್ಲವು. ಗಿಟಾರುಗಳು ಕೆರೆಯುವುವು, ನರಳುವುವು. ಲಯವು ನಡೆಯುತ್ತ ನಡೆಯುತ್ತ ಮುಗ್ಗರಿಸಿದಂತಾಗುವುದು. ಮೊದಲ ಶ್ರವಣದಲ್ಲಿ ವಾದಕರು ತಪ್ಪು ನುಡಿಸುತ್ತಿರುವರೋ ಎಂದು ಶಂಕೆ ಹುಟ್ಟುತ್ತದೆ. ಅಂದಿನ ಅನೇಕರು ಆ ಶಂಕೆಯಲ್ಲಿಯೇ ನಿಂತರು. ನಾಲ್ಕಾರು ಸಲ ಕೇಳಿದಮೇಲೆ, ಮುಗ್ಗರಿಸಿದಂತೆ ತೋರುವ ಎಡೆಗಳು ಪ್ರತಿಸಲವೂ ಅದೇ ಎಡೆಯಲ್ಲಿ ಅದೇ ಅಳತೆಯಿಂದ ಬರುವುದು ಗೊತ್ತಾಗುವುದು. ಮರಳಿ ಅದೇ ರೀತಿ ಬರುವುದು ತಪ್ಪಲ್ಲ, ನಿಯಮ. ನಿಯಮವು ಅರಿವಾದೊಡನೆ ಕೋಲಾಹಲವೇ ರಚನೆಯಾಗಿ ಮಾರ್ಪಡುತ್ತದೆ. ಜರ್ಮನಿಯ ಮೇಳವೊಂದು ತನಗೆ ‘ಆಬ್ಸ್ಕ್ಯುರಾ’ ಎಂದೇ ಹೆಸರಿಟ್ಟುಕೊಂಡಿತೆಂಬುದರಿಂದ ಈ ಕೃತಿಗೆ ಅನಂತರ ಬಂದ ಗೌರವವನ್ನು ಊಹಿಸಬಹುದು. ಲೆಮೇ ಹೊಸ ಸಂಗಡಿಗರೊಡನೆ ೨೦೧೩ರಲ್ಲಿ ‘ಕಲರ್ಡ್ ಸ್ಯಾಂಡ್ಸ್’ ಎಂಬ ಮೆಚ್ಚಿಕೆಯ ಕೃತಿಯನ್ನು ಹೊರತಂದನು. ಹರ್ಡಲ್ ಅದಕ್ಕೆ ಒಂದು ವರ್ಷ ಮುಂಚೆ, ೨೦೧೨ರಲ್ಲಿ, ತೀರಿಕೊಂಡಿದ್ದನು.

೪

ದ್ವೇಷಕ್ಕೆ ಗುರಿಯಾಗದೆಯೂ ಕೃತಿಯು ಮರೆಯಾಗಬಹುದು. ನಾರ್ವೆಯ ‘ಡಾರ್ಕ್‌ಥ್ರೋನ್’ ಮೇಳದ ಮೊದಲ ಆಲ್ಬಮ್ಮು ‘ಸೋಲ್‌ಸೈಡ್ ಜರ್ನಿ’ (೧೯೯೧) ಇದಕ್ಕೆ ನಿದರ್ಶನ. ಅದು ಸ್ಟಾಕ್‌ಹೋಮಿನ ಸನ್‌ಲೈಟ್ ಶಬ್ದಾಲಯದಲ್ಲಿ ಮುದ್ರಿತವಾದ, ಸ್ಫುಟವಾದ ನಾದವುಳ್ಳ ಡೆತ್ ಮೆಟಲ್ ಕೃತಿ. ಮರುವರ್ಷವೇ ಮೇಳವು ಮಾರ್ಗವನ್ನು ಬದಲಿಸಿ, ಬೇಕೆಂದೇ ಮಸುಕಾದ ನಾದದಿಂದ ‘ಎ ಬ್ಲೇಜ್ ಇನ್ ದಿ ನಾರ್ದರ್ನ್ ಸ್ಕೈ’ ಎಂಬ ಬ್ಲ್ಯಾಕ್ ಮೆಟಲ್ ಕೃತಿಯನ್ನು ಹೊರತಂದು ಪ್ರಖ್ಯಾತವಾಯಿತು. ಅಸ್ಫುಟತೆಯೆಂಬುದು ಸಾಮಾನ್ಯವಾಗಿ ವಿಘ್ನವೇ. ಆದರೆ ಹಿಮಪ್ರದೇಶದ ಇರುಳಿನ ಭಯಾನಕವನ್ನು ಸೂಚಿಸಲು ಆ ಮಸುಕೇ ವಿಭಾವವಾಯಿತು. ಅನಿತ್ಯದೋಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು. ಎರಡನೆಯ ಕೃತಿಯ ಕೀರ್ತಿಯು ಬೆಳೆದಂತೆಲ್ಲ ಮೊದಲನೆಯದು ಅದಕ್ಕೆ ಪೂರ್ವರಂಗಮಾತ್ರವೆಂಬ ಭಾವನೆ ನೆಲೆಗೊಂಡಿತು. ಅದನ್ನು ಮುಂದಿನ ಕೃತಿಯ ಸೋಪಾನವೆಂದೆಣಿಸದೆ ಅದರದೇ ಜಾತಿಯ ಕೃತಿಗಳೊಡನೆ ಇಟ್ಟು ತೂಗಿದರೆ, ಅನಿರೀಕ್ಷಿತವಾದ ತಿರುವುಗಳಿಂದಲೂ ಗಂಭೀರವಾದ ವಿಷಾದಚ್ಛಾಯೆಯಿಂದಲೂ ಅದು ಸಾಮಾನ್ಯವಲ್ಲವೆಂದು ತಿಳಿಯುತ್ತದೆ. ಕವಿಯೊಬ್ಬನ ಮಹಾಕಾವ್ಯದ ನೆರಳಿನಲ್ಲಿ ಅವನ ಮೊದಲ ಕೃತಿಯು ಓದುಗರಿಲ್ಲದೆ ಉಳಿಯುವುದು ಸಾಹಿತ್ಯದಲ್ಲಿಯೂ ಕಂಡ ಸಂಗತಿಯೇ.

ಸಂಶಯಯೋಗವೆಂಬ ಏಳನೆಯ ವಿಘ್ನಕ್ಕೆ ಸೆಲ್ಟಿಕ್ ಫ್ರಾಸ್ಟ್ ಮೇಳದ ‘ಇನ್‌ಟು ದಿ ಪ್ಯಾಂಡಿಮೋನಿಯಮ್’ (೧೯೮೭) ವಿಷಯವಾಗುತ್ತದೆ. ಅಮೆರಿಕದ ಬೇರೊಂದು ಮೇಳದ ಲಘುಗೀತದಿಂದ ಅದು ಆರಂಭವಾಗುವುದು. ಬೋದಿಲೇರನೆಂಬ ಫ್ರೆಂಚ್ ಕವಿಯ ಕವಿತೆಯನ್ನಾಧರಿಸಿದ ಗೀತವೊಂದುಂಟು. ಚಂದ್ರಯಾನಿಗಳ ಸಂಭಾಷಣೆಯ ತುಣುಕುಗಳನ್ನು ಯಂತ್ರತಾಳದ ಮೇಲೆ ಹೆಣೆದುದೊಂದುಂಟು. ಸ್ತ್ರೀಕಂಠವೂ ಪಾಶ್ಚಾತ್ಯ ಶಾಸ್ತ್ರೀಯವಾದ್ಯಗಳೂ ಕೂಡಿದ ‘ರೆಕ್ಸ್ ಇರೇ’ ಎಂಬ ಮೃತ್ಯುಗೀತದ ಖಂಡವೊಂದುಂಟು. ಯಾವುದು ಅಂಗಿ, ಯಾವುದು ಅಂಗ ಎಂದು ಶ್ರೋತೃವು ತಬ್ಬಿಬ್ಬಾಗುವುದು ಸಹಜ. ಈ ಸಂಶಯಕ್ಕೆ ಪರಿಹಾರವು ಬಹುಕಾಲದ ಮೇಲೆ ದೊರೆಯಿತು. ಆ ಮೃತ್ಯುಗೀತದ ಅಂತ್ಯಖಂಡವು ೨೦೦೬ರ ‘ಮೊನೊಥೀಯಿಸ್ಟ್’ ಎಂಬ ಆಲ್ಬಮ್ಮಿನಲ್ಲಿ ಬಂದಿತು. ನಡುವಣ ಖಂಡವನ್ನು ಫಿಷರನು ಪೂರ್ಣಗೊಳಿಸಿ, ೨೦೧೯ರಲ್ಲಿ ಹಾಲೆಂಡಿನ ರೋಡ್‌ಬರ್ನ್ ಉತ್ಸವದಲ್ಲಿ ‘ಟ್ರಿಪ್ಟಿಕಾನ್’ ಎಂಬ ತನ್ನ ಮೇಳವೂ ದೊಡ್ಡ ವಾದ್ಯವೃಂದವೂ ಕೂಡಿ ಮೂರು ಖಂಡಗಳನ್ನೂ ಒಟ್ಟಿಗೆ ನುಡಿಸುವಂತೆ ಮಾಡಿದನು. ಮೂವತ್ತೆರಡು ವರ್ಷಗಳ ಹಿಂದೆ ಎಡಬಿಡಂಗಿಯೆಂದು ತೋರಿದ ಭಾಗವು ಒಂದು ಮಹಾರಚನೆಯ ಮೊದಲ ಸರ್ಗವೆಂದು ಆಗ ಸ್ಪಷ್ಟವಾಯಿತು. ೨೦೧೭ರಲ್ಲಿ ಮೃತನಾದ ಮಾರ್ಟಿನ್ ಐನನು ಅದನ್ನು ಕೇಳಲಿಲ್ಲ.

೫

ಇಷ್ಟರಿಂದ ಅನಾದೃತವಾದುದೆಲ್ಲವೂ ಆದರಣೀಯವೆಂದು ತಿಳಿಯಬಾರದು. ಪ್ರತ್ಯುದಾಹರಣೆಯು ಅದೇ ಮೇಳದಲ್ಲಿಯೇ ಇದೆ. ೧೯೮೮ರಲ್ಲಿ ಫಿಷರನು ಐನನಿಲ್ಲದೆ ಬೇರೆ ಸಂಗಡಿಗರೊಡನೆ ‘ಕೋಲ್ಡ್ ಲೇಕ್’ ಎಂಬುದನ್ನು ಹೊರತಂದನು. ವೇಷಭೂಷಣಗಳಲ್ಲಿಯೂ ಗೀತವಸ್ತುವಿನಲ್ಲಿಯೂ ಅಂದಿನ ಜನಪ್ರಿಯವಾದ ವಿಲಾಸಮಾರ್ಗವನ್ನು ಅದು ಅನುಸರಿಸಿತು. ರಸಿಕರು ರೊಚ್ಚಿಗೆದ್ದರು. ಮುಂದೆ ಕರ್ತೃವೇ ಅದನ್ನು ತಳ್ಳಿಹಾಕಿದನು. ೨೦೧೭ರಲ್ಲಿ ಮೇಳದ ಹಳೆಯ ಆಲ್ಬಮ್ಮುಗಳು ಪುನಃಪ್ರಕಟವಾದಾಗ ಇದು ಅವುಗಳಲ್ಲಿ ಸೇರಲಿಲ್ಲ.

ಕರ್ತೃವು ನಿರಾಕರಿಸಿದ್ದರಿಂದಲೇ ಕೃತಿಯು ಕೆಟ್ಟದೆಂದು ಹೇಳಲಾಗದು. ಹೆಲ್‌ಹ್ಯಾಮರನ್ನೂ ಅವನು ಕೆಲವು ಕಾಲ ದೂರವಿಟ್ಟಿದ್ದನಲ್ಲವೆ? ಆದುದರಿಂದ ಕೃತಿಯನ್ನೇ ಕೇಳಬೇಕು. ಕೇಳಿದರೆ, ಕೆಲವು ಗೀತಗಳಲ್ಲಿ ಗಿಟಾರಿನ ಹಳೆಯ ಭಾರವು ಉಳಿದಿರುವುದೂ, ಸಂಪೂರ್ಣ ನಿಸ್ಸಾರವೆಂಬ ಅಪವಾದವು ಅತಿಯಾದುದೆಂಬುದೂ ತಿಳಿಯುತ್ತದೆ. ಆದರೆ ಗಿಟಾರು ಒಂದು ರಸಕ್ಕೂ ಕಂಠವು ಇನ್ನೊಂದು ರಸಕ್ಕೂ ಎಳೆಯುವುವು. ಶೃಂಗಾರಕ್ಕೆ ತೊಡಗಿದ ಗೀತದಲ್ಲಿ ಕಟುತ್ವವು ಅಂಗವಾಗದೆ ಅಡ್ಡಿಯಾಗಿ ನಿಲ್ಲುವುದು. ಶೃಂಗಾರದಲ್ಲಿ ಶ್ರುತಿದುಷ್ಟವು ಹೇಯವೆಂದ ಆನಂದವರ್ಧನನ ನಿರ್ಣಯಕ್ಕೆ ಇದು ಸರಿಯಾದ ಲಕ್ಷ್ಯ. ‘ಫೋಕಸ್’ನಲ್ಲಿಯೂ ಎರಡು ವಿರುದ್ಧ ಭಾವಗಳಿವೆ, ಆದರೆ ಅಲ್ಲಿ ಶಾಂತವು ರೌದ್ರಕ್ಕೆ ವಿಶ್ರಾಂತಿಸ್ಥಾನವಾಗಿ ಒದಗುತ್ತದೆ. ಮಾರ್ಗವನ್ನು ಬದಲಿಸಿದುದು ಎರಡಕ್ಕೂ ಸಮಾನ. ಒಂದರಲ್ಲಿ ಔಚಿತ್ಯವುಂಟು, ಇನ್ನೊಂದರಲ್ಲಿ ಇಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದುದು ಇದಕ್ಕಾಗಿಯೇ.

ಇವೆರಡರ ನಡುವಣ ಸ್ಥಿತಿಗೆ ಅಮೆರಿಕದ ‘ಮಾರ್ಬಿಡ್ ಏಂಜೆಲ್’ ಮೇಳದ ೨೦೧೧ರ ಆಲ್ಬಮ್ಮನ್ನು ಹೇಳಬಹುದು. ಈ ಮೇಳವು ತನ್ನ ಆಲ್ಬಮ್ಮುಗಳಿಗೆ ರೋಮನ್ ವರ್ಣಮಾಲೆಯ ಅನುಕ್ರಮದಲ್ಲಿ ಹೆಸರಿಡುವ ಸಂಪ್ರದಾಯವನ್ನು ಪಾಲಿಸಿದೆ. ಒಂಬತ್ತನೆಯ ವರ್ಣದ ಸರದಿಯಲ್ಲಿ ಬಂದುದು ‘ಇಲ್ಲುದ್ ದಿವೀನುಮ್ ಇನ್‌ಸಾನುಸ್’. ಈ ಲ್ಯಾಟಿನ್ ಹೆಸರಿನ ಮೊದಲೆರಡು ಪದಗಳು ನಪುಂಸಕಲಿಂಗದಲ್ಲಿದ್ದು ಮೂರನೆಯದು ಪುಲ್ಲಿಂಗದಲ್ಲಿದೆ. ‘ತದ್ ದಿವ್ಯಮ್ ಉನ್ಮತ್ತಃ’ ಎಂದಂತೆ. ವೈಯಾಕರಣರು ಇದನ್ನು ಚ್ಯುತಸಂಸ್ಕೃತಿಯೆಂದು ತಳ್ಳಿಬಿಡಬಹುದು. ಆದರೆ ಶೀರ್ಷಿಕೆಯ ದೋಷವು ಸಂಗೀತಕ್ಕೆ ಸಂಕ್ರಮಿಸದು. ೧೯೮೯ರ ‘ಆಲ್ಟರ್ಸ್ ಆಫ್ ಮ್ಯಾಡ್ನೆಸ್’ ಮೊದಲಾದ ಆದಿಕೃತಿಗಳಲ್ಲಿ ಹಾಡಿದ್ದ ಡೇವಿಡ್ ವಿನ್ಸೆಂಟನು ಮರಳಿ ಬಂದಿದ್ದುದರಿಂದ ಶ್ರೋತೃಗಳು ಹಳೆಯ ಸುಖವನ್ನೇ ಬಯಸಿ ಕುಳಿತಿದ್ದರು. ಹನ್ನೊಂದು ಖಂಡಗಳ ಈ ಕೃತಿಯಲ್ಲಿ ಪೀಠಿಕೆಯ ಅನಂತರ ಮೊದಲಿಗೇ ಕಿವಿಗೆ ಬಿದ್ದುದು ನೃತ್ಯಶಾಲೆಯ ಯಂತ್ರಲಯದ ಗೀತ. ಅಲ್ಲಿಗೆ ಅನೇಕರ ಶ್ರವಣವು ಮುಗಿಯಿತು. ‘ಎಕ್ಸಿಸ್ಟೋ ವಲ್ಗೋರೆ’, ‘ಬ್ಲೇಡ್ಸ್ ಫಾರ್ ಬಾಲ್’, ‘ನೆವರ್‌ಮೋರ್’ ಎಂಬ ಗೀತಗಳು ಹಳೆಯ ಮಾರ್ಗದಲ್ಲಿಯೇ ಇದ್ದು ಸತ್ತ್ವಯುತವಾಗಿವೆ. ಅವು ಬೇರೆ ಕಡೆ ಇದ್ದಿದ್ದರೆ ಯಾರೂ ಹಳಿಯುತ್ತಿರಲಿಲ್ಲ. ಯಂತ್ರಲಯದ ಗೀತಗಳಲ್ಲಾದರೋ ಪ್ರಯೋಗದ ಧೈರ್ಯವುಂಟೇ ಹೊರತು, ಉಕ್ತಿಯು ಬಡಾಯಿಯಲ್ಲಿ ನಿಂತು ಭಾವವಾಗಿ ಬೆಳೆಯುವುದಿಲ್ಲ. ಇಲ್ಲಿ ವಿಘ್ನವು ಎರಡು ಕಡೆಯೂ ಇದೆ: ಶ್ರೋತೃವಿನಲ್ಲಿ ನಿಜಸುಖಪರವಶತೆ, ಕೃತಿಯಲ್ಲಿ ಪ್ರಧಾನಾಪ್ರಧಾನಗಳ ವಿಪರ್ಯಾಸ. ಸಂಪೂರ್ಣ ತಿರಸ್ಕಾರವೂ ಸಂಪೂರ್ಣ ಸಮರ್ಥನೆಯೂ ಇದರಲ್ಲಿ ಸಮಾನವಾಗಿ ಅಯುಕ್ತ.

೬

ಈ ದೃಷ್ಟಾಂತಗಳಿಂದ ಶ್ರವಣಕ್ರಮವೊಂದನ್ನು ಸಂಗ್ರಹಿಸಬಹುದು. ಮೊದಲು ಕೃತಿಯು ಹುಟ್ಟಿದ ವರ್ಷವನ್ನೂ ಅದಕ್ಕೆ ಹಿಂದೆಮುಂದೆ ಹುಟ್ಟಿದವುಗಳನ್ನೂ ತಿಳಿಯತಕ್ಕದ್ದು. ಇಲ್ಲವಾದರೆ ಅನುಕರಿಸಿದವನಾರು, ಮೊದಲು ಕಂಡವನಾರು ಎಂಬುದು ತಲೆಕೆಳಗಾಗುತ್ತದೆ. ಎರಡನೆಯದಾಗಿ, ಮುದ್ರಿತವಾದ ಗೀತಪಾಠವು ದೊರೆತರೆ ಅದನ್ನು ಮುಂದಿಟ್ಟುಕೊಂಡು ಕೇಳತಕ್ಕದ್ದು. ಗರ್ಜನೆಯಲ್ಲಿ ಪದಗಳನ್ನು ಹಿಡಿಯುವುದಕ್ಕೆ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಮೂರನೆಯದಾಗಿ, ಒಂದೇ ಶ್ರವಣದಿಂದ ನಿರ್ಣಯಿಸಬಾರದು. ಕ್ಲಿಷ್ಟಕಾವ್ಯಕ್ಕೆ ಅನ್ವಯ ಹಾಕುವಂತೆ ಮೊದಲ ಸಲ ಡ್ರಮ್ಮುಗಳನ್ನೂ, ಇನ್ನೊಂದು ಸಲ ಗಿಟಾರುಗಳನ್ನೂ, ಮತ್ತೊಂದು ಸಲ ಕಂಠವನ್ನೂ ಅನುಸರಿಸಿ, ಕಡೆಯಲ್ಲಿ ಸಮುದಾಯವನ್ನು ಕೇಳತಕ್ಕದ್ದು. ನಾಲ್ಕನೆಯದಾಗಿ, ಕಂಡ ದೋಷವು ಮೇಳದ ಹಿಂದಿನ ಕೃತಿಗೆ ಹೋಲಿಸಿದ್ದರಿಂದ ತೋರಿದುದೋ, ಈ ಕೃತಿಯ ಉದ್ದೇಶಕ್ಕೇ ವಿರುದ್ಧವಾದುದೋ ಎಂದು ಕೇಳಿಕೊಳ್ಳತಕ್ಕದ್ದು. ಮೊದಲನೆಯದಾದರೆ ಅದು ಶ್ರೋತೃವಿನ ವಿ಼ಘ್ನ. ಎರಡನೆಯದಾದರೆ ಕೃತಿಯ ದೋಷ.

ಇನ್ನೊಂದು ಆಕ್ಷೇಪವು ಉಳಿದಿದೆ. ನಾರ್ವೆಯ ಈ ಸಂಗೀತವಲಯದ ಕೆಲವರು ೧೯೯೨ರಿಂದ ಪ್ರಾಚೀನವಾದ ಮರದ ಚರ್ಚುಗಳಿಗೆ ಬೆಂಕಿಯಿಟ್ಟರು. ೧೯೯೩ರಲ್ಲಿ ಒಬ್ಬ ಸಂಗೀತಗಾರನು ಮತ್ತೊಬ್ಬನನ್ನು ಕೊಂದು ಶಿಕ್ಷೆ ಹೊಂದಿದನು. ಇಂಥವರ ವಲಯದ ಕೃತಿಗಳನ್ನು ಆಸ್ವಾದಿಸುವುದು ಸರಿಯೆ? ಇಲ್ಲಿ ಎರಡನೆಯ ವಿಘ್ನದ ವಿಚಾರವು ಪ್ರಯೋಜನಕ್ಕೆ ಬರುತ್ತದೆ. ರಸವಾಗಿ ಪರಿಣಮಿಸುವ ಕ್ರೋಧವು ಯಾವನೊಬ್ಬನ ಕ್ರೋಧವೂ ಅಲ್ಲ, ಅದು ಸಾಧಾರಣೀಕೃತವಾದುದು. ಹಾಡಿನಲ್ಲಿನ ಕ್ರೋಧವನ್ನು ತನ್ನದೆಂದು ಹೊತ್ತು ಬೀದಿಗಿಳಿದವನು ಅಪರಾಧಿಯಾದುದಲ್ಲದೆ ಅರಸಿಕನೂ ಆದನು. ಗೀತದ ಗುಣವು ಅಪರಾಧವನ್ನು ತೊಳೆಯದು. ಹಾಗೆಯೇ ಕೆಲವರ ಅಪರಾಧವನ್ನು ಅದರಲ್ಲಿ ಪಾಲಿಲ್ಲದ ನೂರಾರು ಮೇಳಗಳ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ಸಾಹಿತ್ಯಾಧ್ಯಾಪಕರಿಗೆ ಈ ವಿಚಾರದಿಂದ ಆಗುವ ಪ್ರಯೋಜನವು ಸಂಗೀತದಲ್ಲಿಯೇ ಮುಗಿಯುವುದಿಲ್ಲ. ವಿದ್ಯಾರ್ಥಿಯು ತನಗೆ ಪ್ರಿಯವಾದ ಇಂಥ ಕೃತಿಯೊಂದನ್ನು ಹೆಸರಿಸಿದಾಗ ಅದನ್ನು ನಕ್ಕು ತಳ್ಳುವುದಕ್ಕೆ ಬದಲಾಗಿ, ಇದರಲ್ಲಿ ಯಾವ ರಸವಿದೆ, ಕಟುತ್ವವು ಅದಕ್ಕೆ ಹೇಗೆ ಅಂಗವಾಗಿದೆ, ಜನರು ಇದನ್ನು ಏಕೆ ಒಲ್ಲದೆ ಹೋದರು ಎಂದು ಕೇಳಿದರೆ, ಅವನು ಕೊಡುವ ಉತ್ತರವೇ ಅಲಂಕಾರಶಾಸ್ತ್ರದ ಮೊದಲ ಪಾಠವಾಗುವುದು. ಶ್ರುತಿಕಟು, ಔಚಿತ್ಯ, ರಸವಿಘ್ನ ಎಂಬ ಶಬ್ದಗಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಹೆಸರುಗಳಾಗಿ ಉಳಿಯದೆ, ಅವನು ದಿನವೂ ಕೇಳುವ ನಾದದಲ್ಲಿ ಅರ್ಥವನ್ನು ಪಡೆಯುವುವು. ಅದೇ ವಿದ್ಯಾರ್ಥಿಯು ನಾಳೆ ಕನ್ನಡದ ಉಪೇಕ್ಷಿತ ಕಾವ್ಯವೊಂದನ್ನು ಕೈಗೆತ್ತಿಕೊಂಡಾಗ, ಹಿಂದಿನವರ ತೀರ್ಪನ್ನು ಒಪ್ಪುವುದಕ್ಕೂ ಬಿಡುವುದಕ್ಕೂ ಮುಂಚೆ ಗ್ರಂಥವನ್ನು ತೆರೆದು ಓದುವನು. ಸಮಾನಧರ್ಮನೆಂಬವನು ತಾನಾಗಿ ಹುಟ್ಟಿಬರಲಿ ಎಂದು ಕಾಲವನ್ನು ನೆಚ್ಚಿ ಕುಳ್ಳಿರಬೇಕಾಗಿಲ್ಲ. ಅಭ್ಯಾಸದಿಂದ ಅವನನ್ನು ಸಿದ್ಧಪಡಿಸುವುದು ಅಧ್ಯಾಪಕನ ಕೈಯಲ್ಲಿದೆ.